ಸಂವಿಧಾನದಲ್ಲಿ ಬರೆದಿಲ್ಲದ ಅಧಿಕಾರ ಅಮೆರಿಕದ ಸುಪ್ರೀಂ ಕೋರ್ಟಿಗೆ ಎಲ್ಲಿಂದ ಬಂತು?

ಪ್ರಶ್ನೆ: ಕಾನೂನು ವಿದ್ಯಾರ್ಥಿನಿ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಕಾನೂನು ಪದವಿ ಓದುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ತೌಲನಿಕ ಸಂವಿಧಾನದ ಪತ್ರಿಕೆ ಇರುವುದರಿಂದ ಅಮೆರಿಕದ ಸಂವಿಧಾನವನ್ನು ಮೂಲದಲ್ಲಿಯೇ ಓದಿದೆ. ನಮ್ಮ ಸಂವಿಧಾನದ ಮುಂದೆ ಅದು ತೀರಾ ಚಿಕ್ಕದು. 7 ವಿಧಿಗಳನ್ನೂ ಆಮೇಲೆ ಸೇರಿಕೊಂಡ 27 ತಿದ್ದುಪಡಿಗಳನ್ನೂ ಒಂದೇ ಪಟ್ಟಿಗೆ ಕುಳಿತು ಮುಗಿಸಬಹುದು. ಆದರೆ ಓದಿದ ಮೇಲೆ ಹುಟ್ಟಿದ ಒಂದು ಸಂದೇಹ ತರಗತಿಯ ಟಿಪ್ಪಣಿಗಳಿಂದ ಬಗೆಹರಿಯಲಿಲ್ಲ.

ನ್ಯಾಯಾಂಗಕ್ಕೆ ಮೀಸಲಾಗಿರುವುದು ಅಲ್ಲಿನ 3ನೇ ವಿಧಿ. ಒಂದು ಸುಪ್ರೀಂ ಕೋರ್ಟ್ ಇರಬೇಕು, ಕೆಳಗಿನ ನ್ಯಾಯಾಲಯಗಳನ್ನು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಬೇಕಾದಂತೆ ಸ್ಥಾಪಿಸಬಹುದು, ನ್ಯಾಯಾಧೀಶರು ಸನ್ನಡತೆಯಿಂದ ಇರುವವರೆಗೂ ಹುದ್ದೆಯಲ್ಲಿ ಮುಂದುವರಿಯುತ್ತಾರೆ, ಅವರ ಸಂಬಳವನ್ನು ಮಧ್ಯದಲ್ಲಿ ಕಡಿತಗೊಳಿಸುವಂತಿಲ್ಲ, ಯಾವ ಯಾವ ಬಗೆಯ ವ್ಯಾಜ್ಯಗಳು ಅವರ ವ್ಯಾಪ್ತಿಗೆ ಬರುತ್ತವೆ ಎಂಬುದನ್ನೆಲ್ಲ ಅದು ಹೇಳುತ್ತದೆ. ಕಾಂಗ್ರೆಸ್ ಮಾಡಿದ ಕಾಯ್ದೆಯೊಂದನ್ನು ನ್ಯಾಯಾಲಯವು ಅಸಿಂಧು ಎಂದು ಸಾರಬಹುದು ಎಂಬ ಮಾತು ಮಾತ್ರ ಆ ವಿಧಿಯಲ್ಲಾಗಲಿ ಬೇರೆಲ್ಲಿಯೇ ಆಗಲಿ ಇಲ್ಲ. ನಮ್ಮಲ್ಲಿ ಹಾಗಲ್ಲ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಆ ಮಟ್ಟಿಗೆ ಶೂನ್ಯ ಎಂದು 13ನೇ ವಿಧಿ ನೇರವಾಗಿ ಹೇಳುತ್ತದೆ. ಪರಿಹಾರ ಕೇಳಲು ಸುಪ್ರೀಂ ಕೋರ್ಟಿಗೆ ಹೋಗುವ ದಾರಿಯನ್ನು 32ನೇ ವಿಧಿಯೂ ಹೈಕೋರ್ಟಿಗೆ ಹೋಗುವ ದಾರಿಯನ್ನು 226ನೇ ವಿಧಿಯೂ ತೋರಿಸುತ್ತವೆ.

1803ರಲ್ಲಿ ಮಾರ್ಬರಿ ವಿರುದ್ಧ ಮ್ಯಾಡಿಸನ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರು ನ್ಯಾಯಾಂಗ ಪರಾಮರ್ಶೆಯನ್ನು, ಅಂದರೆ ಕಾಯ್ದೆಯನ್ನು ಪರಿಶೀಲಿಸಿ ಅಸಿಂಧುವೆನ್ನುವ ಈ ಅಧಿಕಾರವನ್ನು, ಸ್ಥಾಪಿಸಿದರು ಎಂದು ಎಲ್ಲ ಪಠ್ಯಗಳೂ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಹಾಗಾದರೆ ಒಬ್ಬ ನ್ಯಾಯಮೂರ್ತಿ ತನ್ನ ನ್ಯಾಯಾಲಯಕ್ಕೆ ತಾನೇ ಅಧಿಕಾರ ಕೊಟ್ಟುಕೊಂಡಂತೆ ಆಯಿತಲ್ಲವೇ? ಆಗ ಅಧ್ಯಕ್ಷರಾಗಿದ್ದ ಜೆಫರ್ಸನ್ ಮಾರ್ಷಲ್ಲರ ಕಡು ವಿರೋಧಿ. ಕಾಂಗ್ರೆಸ್ಸಿನಲ್ಲಿಯೂ ಜೆಫರ್ಸನ್ನರ ಪಕ್ಷದ್ದೇ ಬಹುಮತ. ಅವರೆಲ್ಲ ಇದನ್ನು ಹೇಗೆ ಸಹಿಸಿಕೊಂಡರು? ಬರೆದ ಸಂವಿಧಾನದಲ್ಲಿ ಬರೆಯದೆ ಇರುವ ಅಧಿಕಾರಕ್ಕೆ ಬುಡ ಎಲ್ಲಿದೆ ಎಂಬುದನ್ನು ಬಲ್ಲ ಹಿರಿಯರು ದಯವಿಟ್ಟು ವಿವರಿಸಬೇಕು.

ಉತ್ತರ 1: ಹೈಕೋರ್ಟ್ ವಕೀಲ, ಗಾಂಧಿನಗರ

ನಿಮ್ಮ ಎರಡನೆಯ ಪ್ರಶ್ನೆಯಿಂದ, ಅಂದರೆ ವಿರೋಧಿಗಳು ಏಕೆ ಸುಮ್ಮನಿದ್ದರು ಎಂಬುದರಿಂದ ಆರಂಭಿಸುತ್ತೇನೆ. ಇದಕ್ಕೆ ಉತ್ತರ ತೀರ್ಪಿನ ತತ್ತ್ವದಲ್ಲಿ ಇಲ್ಲ, ಪ್ರಕರಣದ ಸಂಗತಿಗಳಲ್ಲಿದೆ. ಪಠ್ಯಪುಸ್ತಕಗಳು ಬಿಟ್ಟುಬಿಡುವುದೂ ಆ ಭಾಗವನ್ನೇ.

1800ರ ಚುನಾವಣೆಯಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಸೋತರು. ಹೊಸ ಅಧ್ಯಕ್ಷರು 1801ರ ಮಾರ್ಚ್ 4ರಂದು ಅಧಿಕಾರ ಸ್ವೀಕರಿಸುವವರೆಗೆ ಆಡಮ್ಸರ ಫೆಡರಲಿಸ್ಟ್ ಪಕ್ಷದ ಕೈಯಲ್ಲಿಯೇ ಸರ್ಕಾರ ಇತ್ತು. ಕಾರ್ಯಾಂಗವೂ ಶಾಸಕಾಂಗವೂ ಕೈತಪ್ಪುತ್ತಿರುವಾಗ ನ್ಯಾಯಾಂಗದಲ್ಲಾದರೂ ತಮ್ಮವರನ್ನು ಕೂರಿಸಬೇಕೆಂದು ಅವರು ಫೆಬ್ರವರಿಯಲ್ಲಿ ಹೊಸ ಕಾಯ್ದೆ ಮಾಡಿ ಹೊಸ ನ್ಯಾಯಾಧೀಶರ ಹುದ್ದೆಗಳನ್ನು ಸೃಷ್ಟಿಸಿದರು. ಜೊತೆಗೆ ರಾಜಧಾನಿ ಪ್ರದೇಶಕ್ಕೆ 42 ಮಂದಿ ಶಾಂತಿಪಾಲನಾ ನ್ಯಾಯಾಧೀಶರನ್ನೂ ನೇಮಿಸಿದರು. ಆ 42 ಮಂದಿಯಲ್ಲಿ ವಿಲಿಯಂ ಮಾರ್ಬರಿ ಒಬ್ಬರು. ಅವರ ನೇಮಕಾತಿ ಪತ್ರಕ್ಕೆ ಅಧ್ಯಕ್ಷರ ಸಹಿ ಬಿದ್ದಿತ್ತು, ಸರ್ಕಾರದ ಮೊಹರೂ ಬಿದ್ದಿತ್ತು. ಮೊಹರು ಒತ್ತಿಸಿ ಪತ್ರಗಳನ್ನು ತಲುಪಿಸುವ ಹೊಣೆ ಹೊತ್ತಿದ್ದ ವಿದೇಶಾಂಗ ಕಾರ್ಯದರ್ಶಿ ಬೇರಾರೂ ಅಲ್ಲ, ಸ್ವತಃ ಜಾನ್ ಮಾರ್ಷಲ್. ಅವರು ಆಗಲೇ ಮುಖ್ಯ ನ್ಯಾಯಮೂರ್ತಿಯಾಗಿ ನೇಮಕಗೊಂಡಿದ್ದರೂ ಹಳೆಯ ಹುದ್ದೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಕೆಲವು ಪತ್ರಗಳನ್ನು ಹೊತ್ತು ಹೊರಟ ಅವರ ತಮ್ಮ ಜೇಮ್ಸ್, ಎಲ್ಲವನ್ನೂ ಒಯ್ಯಲಾಗದೆ ಒಂದಷ್ಟನ್ನು ಕಚೇರಿಗೇ ಹಿಂದಿರುಗಿಸಿದರು. ಮಾರ್ಬರಿಯ ಪತ್ರವೂ ತಲುಪದೆ ಉಳಿದವುಗಳಲ್ಲಿ ಒಂದು. ಮಾರನೆಯ ದಿನ ಬಂದ ಜೆಫರ್ಸನ್, ಉಳಿದ ಪತ್ರಗಳನ್ನು ಹಂಚಕೂಡದೆಂದು ಆದೇಶಿಸಿದರು. ಹೊಸ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಮ್ಯಾಡಿಸನ್ ಹಾಗೆಯೇ ನಡೆದುಕೊಂಡರು.

ತಾನೇ ತಲುಪಿಸದೆ ಬಿಟ್ಟ ಪತ್ರದ ಕುರಿತ ವ್ಯಾಜ್ಯವನ್ನು ಮಾರ್ಷಲ್ ತಾವೇ ಕುಳಿತು ವಿಚಾರಿಸಿದರು ಎಂಬುದನ್ನು ಗಮನಿಸಿ. ಇಂದು ನಮ್ಮ ನ್ಯಾಯಾಲಯದಲ್ಲಿ ಹೀಗಾದರೆ, ಆ ನ್ಯಾಯಮೂರ್ತಿಗಳು ಪೀಠದಿಂದ ಹಿಂದೆ ಸರಿಯಬೇಕೆಂದು ಎದುರು ಪಕ್ಷದ ವಕೀಲರು ಬೆಳಗ್ಗೆಯೇ ಕೋರುತ್ತಿದ್ದರು.

ಮಾರ್ಬರಿ 1801ರ ಡಿಸೆಂಬರಿನಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೇ ಹೋದರು. ಪತ್ರ ಕೊಡುವಂತೆ ಮ್ಯಾಡಿಸನ್ನರಿಗೆ ಮ್ಯಾಂಡಮಸ್ (ಅಧಿಕಾರಿ ತನ್ನ ಕರ್ತವ್ಯ ಮಾಡಲೇಬೇಕೆಂಬ) ಆದೇಶ ಹೊರಡಿಸಬೇಕೆಂದು ಕೇಳಿಕೊಂಡರು. 1802ರಲ್ಲಿ ಹೊಸ ಕಾಂಗ್ರೆಸ್ ಹಿಂದಿನವರ ಫೆಬ್ರವರಿ ಕಾಯ್ದೆಯನ್ನು ರದ್ದುಮಾಡಿತು. ಅಷ್ಟೇ ಅಲ್ಲ, ಸುಪ್ರೀಂ ಕೋರ್ಟ್ ಆ ವರ್ಷ ಜೂನ್‌ನಲ್ಲಿ ಸೇರದಂತೆಯೂ ಮಾಡಿತು. ನ್ಯಾಯಾಲಯದ ಬಾಗಿಲನ್ನೇ ಕೆಲವು ತಿಂಗಳು ಮುಚ್ಚಿಸಬಲ್ಲ ಶಾಸಕಾಂಗದ ಎದುರು ಮಾರ್ಷಲ್ಲರು ಕುಳಿತಿದ್ದರು. ಮ್ಯಾಂಡಮಸ್ ಹೊರಡಿಸಿದರೆ ಮ್ಯಾಡಿಸನ್ ಅದನ್ನು ಕಡೆಗಣಿಸುವುದು ಬಹುತೇಕ ಖಚಿತ. ಅರ್ಜಿಯನ್ನು ಸುಮ್ಮನೆ ವಜಾ ಮಾಡಿದರೆ ನ್ಯಾಯಾಲಯ ಹೆದರಿತು ಎಂದಾಗುತ್ತಿತ್ತು.

1803ರ ಫೆಬ್ರವರಿ 24ರಂದು ತೀರ್ಪು ಬಂತು. ಮಾರ್ಷಲ್ ಮೂರು ಪ್ರಶ್ನೆಗಳನ್ನು ಕೇಳಿಕೊಂಡರು. ಅರ್ಜಿದಾರರಿಗೆ ಆ ಪತ್ರದ ಮೇಲೆ ಹಕ್ಕಿದೆಯೇ? ಇದೆ, ಸಹಿ ಮತ್ತು ಮೊಹರು ಬಿದ್ದಾಗಲೇ ನೇಮಕ ಪೂರ್ಣವಾಯಿತು, ತಲುಪಿಸುವುದು ಕೇವಲ ಉಪಚಾರ. ಹಕ್ಕಿಗೆ ಭಂಗ ಬಂದರೆ ಕಾನೂನಿನಲ್ಲಿ ಪರಿಹಾರವಿದೆಯೇ? ಇದೆ, ಸರ್ಕಾರದ ಅಧಿಕಾರಿಯೂ ಕಾನೂನಿಗೆ ಅಧೀನ. ಆ ಪರಿಹಾರವನ್ನು ಈ ನ್ಯಾಯಾಲಯ ಈ ಅರ್ಜಿಯಲ್ಲಿ ಕೊಡಬಹುದೇ? ಇಲ್ಲಿ ಅವರು ಇಲ್ಲ ಎಂದರು.

ಕಾರಣ ಹೀಗಿದೆ. ಅಧಿಕಾರಿಗಳ ಮೇಲೆ ಮ್ಯಾಂಡಮಸ್ ಹೊರಡಿಸುವ ಅಧಿಕಾರವನ್ನು 1789ರ ನ್ಯಾಯಾಂಗ ಕಾಯ್ದೆಯ 13ನೇ ಕಲಮು ಸುಪ್ರೀಂ ಕೋರ್ಟಿಗೆ ಕೊಟ್ಟಿತ್ತು. ಆದರೆ ಸಂವಿಧಾನದ 3ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನಲ್ಲಿ ನೇರವಾಗಿ ದಾವೆ ಹೂಡಬಹುದಾದುದು ರಾಯಭಾರಿ, ಕಾನ್ಸಲ್ ಮುಂತಾದವರಿಗೆ ಸಂಬಂಧಿಸಿದ ಮತ್ತು ರಾಜ್ಯವೊಂದು ಪಕ್ಷಕಾರವಾಗಿರುವ ವ್ಯಾಜ್ಯಗಳಲ್ಲಿ ಮಾತ್ರ. ಉಳಿದವೆಲ್ಲ ಮೇಲ್ಮನವಿಯಾಗಿ ಬರಬೇಕು. ಮಾರ್ಬರಿ ರಾಯಭಾರಿಯಲ್ಲ. ಆದ್ದರಿಂದ 13ನೇ ಕಲಮು ಸಂವಿಧಾನ ಕೊಡದ ವ್ಯಾಪ್ತಿಯನ್ನು ಕೊಡಲು ಹೊರಟಿದೆ, ಅದು ನಿಲ್ಲುವುದಿಲ್ಲ ಎಂದು ಅವರು ತೀರ್ಮಾನಿಸಿದರು.

ಇದಕ್ಕೆ ಅವರು ಕೊಟ್ಟ ಉದಾಹರಣೆಗಳನ್ನು ನೀವು ತೀರ್ಪಿನಲ್ಲೇ ಓದಬೇಕು. ರಫ್ತಿನ ಮೇಲೆ ತೆರಿಗೆ ಕೂಡದೆಂದು ಸಂವಿಧಾನ ಹೇಳುತ್ತದೆ. ಕಾಂಗ್ರೆಸ್ ಹತ್ತಿ, ಹೊಗೆಸೊಪ್ಪು, ಹಿಟ್ಟಿನ ರಫ್ತಿಗೆ ತೆರಿಗೆ ಹಾಕಿ ವಸೂಲಿಗೆ ದಾವೆ ಹೂಡಿದರೆ ನ್ಯಾಯಾಧೀಶನು ಸಂವಿಧಾನಕ್ಕೆ ಕಣ್ಣುಮುಚ್ಚಿ ಕಾಯ್ದೆಯನ್ನು ಮಾತ್ರ ನೋಡಬೇಕೇ? ದೇಶದ್ರೋಹದ ಅಪರಾಧ ಸಾಬೀತಾಗಲು ಒಂದೇ ಕೃತ್ಯಕ್ಕೆ ಇಬ್ಬರು ಸಾಕ್ಷಿಗಳು ಬೇಕು, ಇಲ್ಲವೇ ಆರೋಪಿ ತೆರೆದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಬೇಕು ಎಂದು ಸಂವಿಧಾನ ಹೇಳುತ್ತದೆ. ಒಬ್ಬ ಸಾಕ್ಷಿ ಸಾಕೆಂದು ಕಾಂಗ್ರೆಸ್ ಕಾಯ್ದೆ ಮಾಡಿದರೆ ನ್ಯಾಯಾಧೀಶನು ಅದರಂತೆ ಶಿಕ್ಷೆ ವಿಧಿಸಬೇಕೇ? ಕಾನೂನು ಏನೆಂದು ಹೇಳುವುದು ನ್ಯಾಯಾಂಗದ ಕ್ಷೇತ್ರ ಮತ್ತು ಕರ್ತವ್ಯ ಎಂಬ ಪ್ರಸಿದ್ಧ ಮಾತು ಬರುವುದು ಈ ವಾದದ ನಡುವೆ. ಸಂವಿಧಾನವೂ ಕಾನೂನು, ಕಾಯ್ದೆಯೂ ಕಾನೂನು. ಎದುರಿಗಿರುವ ವ್ಯಾಜ್ಯದಲ್ಲಿ ಎರಡಕ್ಕೂ ಹೊಂದಿಕೆಯಾಗದಿದ್ದರೆ ಮೇಲಿನದನ್ನು ಅನ್ವಯಿಸಲೇಬೇಕು ಎಂಬಷ್ಟೇ ಅದರ ತಿರುಳು.

ಈಗ ಫಲಿತಾಂಶ ನೋಡಿ. ಮಾರ್ಬರಿಗೆ ಹುದ್ದೆ ಸಿಗಲಿಲ್ಲ. ಮ್ಯಾಡಿಸನ್ನರಿಗೆ ಯಾವ ಆದೇಶವೂ ಹೋಗಲಿಲ್ಲ. ಜೆಫರ್ಸನ್ ಧಿಕ್ಕರಿಸೋಣವೆಂದರೆ ಧಿಕ್ಕರಿಸಲು ಏನೂ ಇರಲಿಲ್ಲ, ಏಕೆಂದರೆ ವ್ಯಾಜ್ಯದಲ್ಲಿ ಗೆದ್ದವರು ಅವರೇ. ರದ್ದಾದ ಕಲಮು ಕೂಡ ನ್ಯಾಯಾಲಯದ ಅಧಿಕಾರವನ್ನು ಹೆಚ್ಚಿಸುವಂಥದ್ದು. ಅದನ್ನು ನ್ಯಾಯಾಲಯವೇ ಬೇಡವೆಂದಿತು. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬುದಕ್ಕೆ ಕಾನೂನಿನ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ವ್ಯಾಪ್ತಿಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುವುದು ಎಲ್ಲ ನ್ಯಾಯಾಲಯಗಳ ರೂಢಿ. ಮಾರ್ಷಲ್ ಅದನ್ನು ಕೊನೆಗೆ ಇಟ್ಟುಕೊಂಡದ್ದರಿಂದಲೇ ಸರ್ಕಾರ ತಪ್ಪು ಮಾಡಿದೆ ಎಂದು ಪುಟಗಟ್ಟಲೆ ಬರೆಯಲು ಅವರಿಗೆ ಅವಕಾಶವಾಯಿತು. ಜೆಫರ್ಸನ್ ಕೊನೆಯವರೆಗೂ ಆಕ್ಷೇಪಿಸುತ್ತಿದ್ದುದು ಮುಖ್ಯವಾಗಿ ಈ ಉಪದೇಶದ ಭಾಗವನ್ನೇ.

ಆರು ದಿನ ಕಳೆದು, ಮಾರ್ಚ್ 2ರಂದು, ಸ್ಟುವರ್ಟ್ ವಿರುದ್ಧ ಲೇರ್ಡ್ ಪ್ರಕರಣದಲ್ಲಿ ಇದೇ ನ್ಯಾಯಾಲಯವು ಹೊಸ ಕಾಂಗ್ರೆಸ್ಸಿನ 1802ರ ಕ್ರಮಕ್ಕೆ ಅಡ್ಡಿಬರಲಿಲ್ಲ. ನಿಜವಾದ ರಾಜಕೀಯ ಜಗಳ ಇದ್ದದ್ದು ಅಲ್ಲಿ. ಅಲ್ಲಿ ನ್ಯಾಯಾಲಯ ಬಗ್ಗಿತು. ಹೀಗೆ ಎರಡು ತೀರ್ಪುಗಳನ್ನೂ ಒಟ್ಟಿಗೆ ಇಟ್ಟು ಓದಿದರೆ ಮಾತ್ರ ವಿರೋಧಿಗಳು ಏಕೆ ಸುಮ್ಮನಿದ್ದರೆಂಬುದು ಅರ್ಥವಾಗುತ್ತದೆ.

ಉತ್ತರ 2: ನಿವೃತ್ತ ರಾಜ್ಯಶಾಸ್ತ್ರ ಅಧ್ಯಾಪಕ, ಮಲ್ಲೇಶ್ವರ

ವಕೀಲರು ಪ್ರಕರಣವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆದರೆ ಅವರ ನಿರೂಪಣೆಯನ್ನು ಮಾತ್ರ ಓದಿದವರಿಗೆ ಇದೆಲ್ಲ ಮಾರ್ಷಲ್ಲರ ಜಾಣತನದಿಂದ ಹುಟ್ಟಿದ್ದು ಎಂದು ತೋರಬಹುದು. ಅದನ್ನು ನಾನು ಒಪ್ಪುವುದಿಲ್ಲ. ಮಾರ್ಷಲ್ ಬಳಸಿದ್ದು ಆಗಲೇ ಬಳಕೆಯಲ್ಲಿದ್ದ ಸರಕನ್ನು.

ಸಂವಿಧಾನವನ್ನು ಅಂಗೀಕರಿಸಬೇಕೋ ಬೇಡವೋ ಎಂದು ರಾಜ್ಯಗಳಲ್ಲಿ ಚರ್ಚೆ ನಡೆಯುತ್ತಿದ್ದಾಗಲೇ, 1788ರಲ್ಲಿ, ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸಂವಿಧಾನದ ಪರವಾಗಿ ಬರುತ್ತಿದ್ದ ಫೆಡರಲಿಸ್ಟ್ ಲೇಖನಮಾಲೆಯ 78ನೆಯ ಲೇಖನದಲ್ಲಿ ಈ ಅಧಿಕಾರವನ್ನು ಬಹಿರಂಗವಾಗಿ ಸಮರ್ಥಿಸಿದ್ದರು. ನ್ಯಾಯಾಂಗದ ಕೈಯಲ್ಲಿ ಖಡ್ಗವೂ ಇಲ್ಲ, ಹಣದ ಥೈಲಿಯೂ ಇಲ್ಲ, ಇರುವುದು ವಿವೇಚನೆ ಮಾತ್ರ. ಆದ್ದರಿಂದ ಅದರಿಂದ ಅಪಾಯ ಕಡಿಮೆ ಎಂಬುದು ಅವರ ವಾದ. ಬ್ರೂಟಸ್ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ ಎದುರು ಪಕ್ಷದವರು ಇದೇ ಅಧಿಕಾರವನ್ನು ತೋರಿಸಿ ಜನರನ್ನು ಎಚ್ಚರಿಸಿದರು: ಈ ನ್ಯಾಯಾಧೀಶರ ಮೇಲೆ ಯಾರೂ ಇರುವುದಿಲ್ಲ, ಅವರ ತಪ್ಪನ್ನು ತಿದ್ದುವವರೂ ಇರುವುದಿಲ್ಲ. ಪರವಾದವರೂ ವಿರುದ್ಧವಾದವರೂ ಇಂಥದೊಂದು ಅಧಿಕಾರ ಬರಲಿದೆ ಎಂದೇ ತಿಳಿದು ಜಗಳವಾಡಿದ್ದಾರೆ ಎಂದಮೇಲೆ, 15 ವರ್ಷ ಕಳೆದು ಅದನ್ನು ಯಾರೋ ಕದ್ದು ತಂದರು ಎನ್ನಲಾಗದು. ಅದಕ್ಕೂ ಮೊದಲು ರಾಜ್ಯಗಳ ನ್ಯಾಯಾಲಯಗಳು ಇದನ್ನು ಪ್ರಯೋಗಿಸಿ ನೋಡಿದ್ದವು. ಉತ್ತರ ಕ್ಯಾರೊಲಿನಾದಲ್ಲಿ 1787ರ ಬೇಯಾರ್ಡ್ ವಿರುದ್ಧ ಸಿಂಗಲ್ಟನ್ ತೀರ್ಪು ಅಂಥದ್ದು. ಸುಪ್ರೀಂ ಕೋರ್ಟ್ ಕೂಡ 1796ರ ಹಿಲ್ಟನ್ ಪ್ರಕರಣದಲ್ಲಿ ಕುದುರೆಗಾಡಿಯ ಮೇಲೆ ಕಾಂಗ್ರೆಸ್ ಹಾಕಿದ್ದ ತೆರಿಗೆ ಸಂವಿಧಾನಕ್ಕೆ ಸರಿಹೊಂದುತ್ತದೆಯೇ ಎಂದು ಪರೀಕ್ಷಿಸಿ, ಸರಿಹೊಂದುತ್ತದೆ ಎಂದಿತು. ಕಾಯ್ದೆಯನ್ನು ಎತ್ತಿಹಿಡಿದಿದ್ದರಿಂದ ಯಾರೂ ಅದನ್ನು ನೆನಪಿಡಲಿಲ್ಲ.

ಇನ್ನೂ ಗಟ್ಟಿಯಾದ ಆಧಾರವೆಂದರೆ ಅದೇ 1789ರ ಕಾಯ್ದೆಯ 25ನೇ ಕಲಮು. 13ನೇ ಕಲಮಿನ ಗಲಾಟೆಯಲ್ಲಿ ಇದರ ಕಡೆಗೆ ವಿದ್ಯಾರ್ಥಿಗಳ ಗಮನ ಹೋಗುವುದಿಲ್ಲ. ಒಕ್ಕೂಟದ ಕಾಯ್ದೆ ಅಥವಾ ಒಪ್ಪಂದವೊಂದರ ಸಿಂಧುತ್ವ ಪ್ರಶ್ನೆಗೆ ಒಳಗಾಗಿ, ರಾಜ್ಯದ ಅತ್ಯುನ್ನತ ನ್ಯಾಯಾಲಯವು ಅದು ಸಿಂಧುವಲ್ಲ ಎಂದು ತೀರ್ಮಾನಿಸಿದರೆ, ಆ ತೀರ್ಮಾನವನ್ನು ಸುಪ್ರೀಂ ಕೋರ್ಟ್ ಪರಿಶೀಲಿಸಬಹುದು ಎಂದು ಆ ಕಲಮು ಹೇಳಿತು. ನ್ಯಾಯಾಧೀಶರು ಕಾಂಗ್ರೆಸ್ಸಿನ ಕಾಯ್ದೆಯನ್ನು ಅಸಿಂಧುವೆನ್ನಬಹುದು ಎಂಬುದನ್ನು ಮೊಟ್ಟಮೊದಲ ಕಾಂಗ್ರೆಸ್ಸೇ ತನ್ನ ಕಾಯ್ದೆಯಲ್ಲಿ ಒಪ್ಪಿಕೊಂಡಂತೆ ಆಗಲಿಲ್ಲವೇ? ಆ ಕಾಯ್ದೆಯನ್ನು ರಚಿಸಿದವರಲ್ಲಿ ಮುಖ್ಯರು ಸೆನೆಟ್ ಸದಸ್ಯರಾಗಿದ್ದ ಆಲಿವರ್ ಎಲ್ಸ್‌ವರ್ತ್ ಮತ್ತು ವಿಲಿಯಂ ಪ್ಯಾಟರ್ಸನ್. ಇಬ್ಬರೂ 1787ರಲ್ಲಿ ಫಿಲಡೆಲ್ಫಿಯಾದ ಸಂವಿಧಾನ ಸಭೆಯಲ್ಲಿ ಕುಳಿತವರು. ಎಲ್ಸ್‌ವರ್ತ್ ಮುಂದೆ ಮಾರ್ಷಲ್ಲರಿಗೆ ಮೊದಲು ಮುಖ್ಯ ನ್ಯಾಯಮೂರ್ತಿಯಾದರು. ಪ್ಯಾಟರ್ಸನ್ ಅಂತೂ ಮಾರ್ಬರಿ ಪ್ರಕರಣದ ಪೀಠದಲ್ಲಿಯೇ ಇದ್ದರು, ತಾವು ಕೈಹಾಕಿದ್ದ ಕಾಯ್ದೆಯ ಕಲಮನ್ನು ಅಸಿಂಧುವೆನ್ನುವ ಒಮ್ಮತದ ತೀರ್ಪಿನಲ್ಲಿ ಸೇರಿಕೊಂಡರು.

ಇನ್ನು ಬುಡ ಎಲ್ಲಿದೆ ಎಂಬ ಪ್ರಶ್ನೆ. ಸಂವಿಧಾನವನ್ನು ಬರೆದಿಟ್ಟರೆ ಸಾಕು, ನ್ಯಾಯಾಂಗ ಪರಾಮರ್ಶೆ ತಾನಾಗಿಯೇ ಬರುತ್ತದೆ ಎಂಬ ಮಾರ್ಷಲ್ಲರ ವಾದ ಪೂರ್ತಿ ನಿಲ್ಲುವುದಿಲ್ಲ. ನೆದರ್‌ಲೆಂಡ್ಸಿಗೂ ಲಿಖಿತ ಸಂವಿಧಾನವಿದೆ. ಆದರೆ ಸಂಸತ್ತಿನ ಕಾಯ್ದೆಗಳು ಸಂವಿಧಾನಕ್ಕೆ ಅನುಗುಣವಾಗಿವೆಯೇ ಎಂದು ನ್ಯಾಯಾಲಯಗಳು ಪರಿಶೀಲಿಸಕೂಡದೆಂದು ಅದರ 120ನೇ ವಿಧಿಯೇ ನಿರ್ಬಂಧಿಸಿದೆ. ಪೆನ್ಸಿಲ್ವೇನಿಯಾದ ನ್ಯಾಯಮೂರ್ತಿ ಗಿಬ್ಸನ್ 1825ರಲ್ಲಿ ತಮ್ಮ ಭಿನ್ನ ತೀರ್ಪಿನಲ್ಲಿ ಎತ್ತಿದ ಆಕ್ಷೇಪವೂ ಇಂಥದ್ದೇ: ಸಂವಿಧಾನಕ್ಕೆ ಬದ್ಧರಾಗಿರುತ್ತೇವೆಂಬ ಪ್ರಮಾಣವನ್ನು ಶಾಸಕರೂ ಅಧಿಕಾರಿಗಳೂ ಸ್ವೀಕರಿಸುತ್ತಾರೆ, ನ್ಯಾಯಾಧೀಶನ ಪ್ರಮಾಣಕ್ಕೆ ಮಾತ್ರ ಹೆಚ್ಚಿನ ತೂಕ ಎಲ್ಲಿಂದ ಬಂತು?

ನನ್ನ ತಿಳಿವಳಿಕೆಯಲ್ಲಿ ಬುಡ ಇರುವುದು 3ನೇ ವಿಧಿಯಲ್ಲಿ ಅಲ್ಲ, 6 ಮತ್ತು 7ನೇ ವಿಧಿಗಳಲ್ಲಿ. ಫಿಲಡೆಲ್ಫಿಯಾದಲ್ಲಿ ಸೇರಿದ 55 ಪ್ರತಿನಿಧಿಗಳನ್ನು ಕರೆದದ್ದು ಹಳೆಯ ಒಕ್ಕೂಟ ಒಪ್ಪಂದವನ್ನು ಪರಿಷ್ಕರಿಸಲು. ಅದನ್ನು ಬದಲಿಸಲು 13 ರಾಜ್ಯಗಳ ಶಾಸನ ಸಭೆಗಳೂ ಒಪ್ಪಬೇಕಾಗಿತ್ತು. ರೋಡ್ ಐಲೆಂಡ್ ಪ್ರತಿನಿಧಿಯನ್ನೇ ಕಳುಹಿಸಿರಲಿಲ್ಲ. ಸೇರಿದ ಪ್ರತಿನಿಧಿಗಳು ಆ ಒಪ್ಪಂದವನ್ನು ಬದಿಗಿಟ್ಟು ಹೊಸದನ್ನೇ ಬರೆದರು ಮತ್ತು ಅಂಗೀಕಾರಕ್ಕಾಗಿ ಶಾಸನ ಸಭೆಗಳ ಬಳಿಗೆ ಹೋಗದೆ, ಅದಕ್ಕಾಗಿಯೇ ಜನರು ಆರಿಸಿದ ಸಮಾವೇಶಗಳ ಬಳಿಗೆ ಹೋದರು. 9 ರಾಜ್ಯಗಳ ಸಮಾವೇಶಗಳು ಒಪ್ಪಿದರೆ ಸಾಕೆಂದು 7ನೇ ವಿಧಿ ಹೇಳಿತು; 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಗಿ ಒಪ್ಪಿತು. ಶಾಸನ ಸಭೆಯನ್ನು ದಾಟಿಹೋಗಿ ಜನರಿಂದಲೇ ಮುದ್ರೆ ಹಾಕಿಸಿಕೊಂಡ ದಾಖಲೆಯನ್ನು ಶಾಸನ ಸಭೆಯು ತನ್ನ ಸಾಮಾನ್ಯ ಕಾಯ್ದೆಯಿಂದ ಅಲುಗಿಸಲಾಗದು. ಬ್ರಿಟನ್ನಿನ ಪಾರ್ಲಿಮೆಂಟಿನಂತೆ ಅಲ್ಲಿ ಯಾವ ಸಭೆಯೂ ಪರಮಾಧಿಕಾರಿಯಲ್ಲ. ಸಂವಿಧಾನವೂ ಅದಕ್ಕೆ ಅನುಸಾರವಾಗಿ ಮಾಡಿದ ಕಾಯ್ದೆಗಳೂ ದೇಶದ ಪರಮೋಚ್ಚ ಕಾನೂನು, ರಾಜ್ಯಗಳ ನ್ಯಾಯಾಧೀಶರೆಲ್ಲ ಅದಕ್ಕೆ ಬದ್ಧರು ಎಂದು 6ನೇ ವಿಧಿ ಹೇಳುತ್ತದೆ. ಅನುಸಾರವಾಗಿದೆಯೇ ಇಲ್ಲವೇ ಎಂದು ನೋಡದೆ ಬದ್ಧರಾಗುವುದು ಹೇಗೆ? ನಮ್ಮ 13ನೇ ವಿಧಿಯ ಬಗ್ಗೆಯೂ ಮುಖ್ಯ ನ್ಯಾಯಮೂರ್ತಿ ಕಾನಿಯಾ ಅವರು 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಇದೇ ಧಾಟಿಯಲ್ಲಿ ಮಾತನಾಡಿದ್ದಾರೆ. ಆ ಉಪವಿಧಿಗಳು ಹೆಚ್ಚಿನ ಎಚ್ಚರಿಕೆಗಾಗಿ ಸೇರಿದಂತಿವೆ, ಅವು ಇಲ್ಲದಿದ್ದರೂ ಹಕ್ಕುಗಳನ್ನು ಮೀರಿದ ಶಾಸನವನ್ನು ಅಸಿಂಧುವೆನ್ನುವ ಅಧಿಕಾರ ನ್ಯಾಯಾಲಯಕ್ಕೆ ಇರುತ್ತಿತ್ತು ಎಂದು ಅವರು ಹೇಳಿದರು.

ಆದರೆ ಇಷ್ಟರಿಂದ ನ್ಯಾಯಾಲಯದ್ದೇ ಕೊನೆಯ ಮಾತು ಎಂದಾಗುವುದಿಲ್ಲ. ತನ್ನ ಮುಂದಿರುವ ವ್ಯಾಜ್ಯದಲ್ಲಿ ಸಂವಿಧಾನವನ್ನು ಮೇಲೆ ಇಡುವುದು ಒಂದು ಅಧಿಕಾರ. ಸಂವಿಧಾನದ ಅರ್ಥವನ್ನು ಎಲ್ಲರ ಪರವಾಗಿ ತಾನೇ ಕಟ್ಟಿಕೊಡುವುದು ಬೇರೆಯದೇ ಅಧಿಕಾರ. ಮಾರ್ಷಲ್ ಬರೆದದ್ದು ಮೊದಲನೆಯದನ್ನು. ಜೆಫರ್ಸನ್ನರ ಪ್ರಕಾರ ಮೂರು ಅಂಗಗಳೂ ತಮ್ಮ ತಮ್ಮ ಕೆಲಸದ ಮಟ್ಟಿಗೆ ಸಂವಿಧಾನವನ್ನು ಅರ್ಥೈಸಿಕೊಳ್ಳಬೇಕು. 1832ರಲ್ಲಿ ಅಧ್ಯಕ್ಷ ಜಾಕ್ಸನ್, ಒಕ್ಕೂಟದ ಬ್ಯಾಂಕ್ ಸಂವಿಧಾನಬದ್ಧವೆಂದು ನ್ಯಾಯಾಲಯ 1819ರಲ್ಲಿಯೇ ಹೇಳಿದ್ದರೂ, ಬ್ಯಾಂಕಿನ ಮಸೂದೆಗೆ ಸಂವಿಧಾನದ ಕಾರಣ ಕೊಟ್ಟೇ ವೀಟೊ ಹಾಕಿದರು. ಮಾರ್ಬರಿ ಆದ ಮೇಲೆ ಕಾಂಗ್ರೆಸ್ಸಿನ ಕಾಯ್ದೆಯೊಂದನ್ನು ನ್ಯಾಯಾಲಯ ಮತ್ತೆ ಪ್ರಮುಖವಾಗಿ ಹೊಡೆದುಹಾಕಿದ್ದು 54 ವರ್ಷಗಳ ಮೇಲೆ, 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ. ಕಪ್ಪು ಜನರು ಪೌರರಾಗಲಾರರು, ಹೊಸ ಪ್ರಾಂತಗಳಲ್ಲಿ ಗುಲಾಮಗಿರಿಯನ್ನು ಕಾಂಗ್ರೆಸ್ ನಿಷೇಧಿಸಲಾಗದು ಎಂದ ಆ ತೀರ್ಪನ್ನು ಲಿಂಕನ್ ಆ ವ್ಯಾಜ್ಯದ ಮಟ್ಟಿಗೆ ಮಾತ್ರ ಒಪ್ಪಿ, ದೇಶದ ನೀತಿಯಾಗಿ ಒಪ್ಪಲಿಲ್ಲ. ಮಾರ್ಬರಿಯನ್ನು ಹೊಗಳುವವರು ಡ್ರೆಡ್ ಸ್ಕಾಟನ್ನೂ ಅದೇ ಅಧಿಕಾರದ ಲೆಕ್ಕಕ್ಕೆ ಬರೆದುಕೊಳ್ಳಬೇಕು. ತನ್ನ ವ್ಯಾಖ್ಯಾನವೇ ಎಲ್ಲರಿಗೂ ಬದ್ಧವಾದ ಪರಮೋಚ್ಚ ಕಾನೂನು ಎಂದು ನ್ಯಾಯಾಲಯ ಬಿಚ್ಚಿ ಹೇಳಿದ್ದು 1958ರ ಕೂಪರ್ ವಿರುದ್ಧ ಆರನ್ ತೀರ್ಪಿನಲ್ಲಿ.

ಉತ್ತರ 3: ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್

ನಾನು ಕಾನೂನಿನವನಲ್ಲ, ಅಮೆರಿಕದ ಇತಿಹಾಸ ಓದುವ ಹವ್ಯಾಸವಷ್ಟೇ ಇದೆ. ಗುರುಗಳು ಹೇಳಿದ ಕೂಪರ್ ತೀರ್ಪಿನ ಹಿನ್ನೆಲೆಯನ್ನು ಸೇರಿಸುತ್ತೇನೆ. ಶಾಲೆಗಳಲ್ಲಿ ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸಕೂಡದೆಂದು 1954ರಲ್ಲಿ ತೀರ್ಪಾಗಿತ್ತು. ಆರ್ಕನ್ಸಾದ ಗವರ್ನರ್ 1957ರಲ್ಲಿ ರಾಜ್ಯದ ಪಡೆಗಳನ್ನು ನಿಲ್ಲಿಸಿ ಲಿಟಲ್ ರಾಕ್ ಪಟ್ಟಣದ ಪ್ರೌಢಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಕಾಲಿಡದಂತೆ ತಡೆದರು. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಸೇನೆಯ 101ನೇ ವಾಯುಗಾಮಿ ದಳದ ಸೈನಿಕರನ್ನು ಕಳುಹಿಸಿ ಮಕ್ಕಳನ್ನು ಒಳಗೆ ಬಿಡಿಸಬೇಕಾಯಿತು. ಅಧ್ಯಕ್ಷರು ಮನಸ್ಸು ಮಾಡದಿದ್ದರೆ ತೀರ್ಪು ಕಾಗದದ ಮೇಲೆಯೇ ಉಳಿಯುತ್ತಿತ್ತು. 1832ರಲ್ಲಿ ಚೆರೋಕಿ ಜನರ ನೆಲದ ಕುರಿತ ವುರ್ಸೆಸ್ಟರ್ ತೀರ್ಪನ್ನು ಜಾರ್ಜಿಯಾ ರಾಜ್ಯ ಕಡೆಗಣಿಸಿತು. ಮಾರ್ಷಲ್ ತೀರ್ಪು ಕೊಟ್ಟಿದ್ದಾರೆ, ಈಗ ಅವರೇ ಜಾರಿಮಾಡಲಿ ಎಂದು ಜಾಕ್ಸನ್ ಹೇಳಿದರೆಂಬ ಮಾತು ಎಲ್ಲೆಡೆ ಓಡಾಡುತ್ತದೆಯಾದರೂ ಅವರು ಹಾಗೆ ಹೇಳಿದ್ದಕ್ಕೆ ಸಮಕಾಲೀನ ದಾಖಲೆಯಿಲ್ಲ. ಉತ್ತರಪತ್ರಿಕೆಯಲ್ಲಿ ಅದನ್ನು ಉದ್ಧರಿಸಬೇಡಿ.

ಇನ್ನೊಂದು ಸಣ್ಣ ಸಂಗತಿ. ಬೆಂಗಳೂರಿನಲ್ಲಿ ವಿಧಾನಸೌಧಕ್ಕೂ ಹೈಕೋರ್ಟಿಗೂ ನಡುವೆ ಒಂದು ರಸ್ತೆಯಾದರೂ ಇದೆ. ಅಮೆರಿಕದ ಸುಪ್ರೀಂ ಕೋರ್ಟಿಗೆ 1935ರವರೆಗೂ ಸ್ವಂತ ಕಟ್ಟಡವಿರಲಿಲ್ಲ; ವಾಷಿಂಗ್ಟನ್ನಿಗೆ ಬಂದ ಮೇಲೆ ಹೆಚ್ಚಿನ ಕಾಲ ಅದು ಕಾಂಗ್ರೆಸ್ಸಿನ ಕಟ್ಟಡದಲ್ಲಿಯೇ ಕುಳಿತು, ಕಾಂಗ್ರೆಸ್ಸಿನ ಕಾಯ್ದೆಗಳನ್ನು ತೂಗುತ್ತಿತ್ತು.

ಮರುಪ್ರಶ್ನೆ: ಕಾನೂನು ವಿದ್ಯಾರ್ಥಿನಿ, ಬಸವನಗುಡಿ

ವಕೀಲ ಸರ್, ಗುರುಗಳೇ, ಎಲ್ಲರಿಗೂ ಧನ್ಯವಾದಗಳು. 25ನೇ ಕಲಮಿನ ವಿಷಯ ನಮ್ಮ ಟಿಪ್ಪಣಿಗಳಲ್ಲಿ ಇರಲೇ ಇಲ್ಲ. ಇದರ ಮುಂದುವರಿಕೆಯಾಗಿ ಒಂದು ಮಾತು ಕೇಳುತ್ತೇನೆ. ನ್ಯಾಯಾಲಯದ ವ್ಯಾಖ್ಯಾನ ಕಾಂಗ್ರೆಸ್ಸಿಗೂ ಜನರಿಗೂ ಒಪ್ಪಿಗೆಯಾಗದಿದ್ದರೆ ಅಲ್ಲಿ ಅವರಿಗೆ ಉಳಿಯುವ ದಾರಿ ಯಾವುದು? ಸಂವಿಧಾನವನ್ನೇ ತಿದ್ದಿದರೆ, ಆ ತಿದ್ದುಪಡಿಯನ್ನೂ ನಮ್ಮಲ್ಲಿಯಂತೆ ನ್ಯಾಯಾಲಯ ಅಳೆದು ನೋಡುತ್ತದೆಯೇ?

ಉತ್ತರ 4: ಹೈಕೋರ್ಟ್ ವಕೀಲ, ಗಾಂಧಿನಗರ

ಗುರುಗಳು ಹೇಳಿದ ಹಿನ್ನೆಲೆಗೆ ನನ್ನ ತಕರಾರಿಲ್ಲ, ಸರಕು ಹಳೆಯದೇ. ಆದರೆ ಆ ಹೊತ್ತಿನಲ್ಲಿ ಬೇರೆ ಯಾರಾದರೂ ಮುಖ್ಯ ನ್ಯಾಯಮೂರ್ತಿಯಾಗಿದ್ದು ನೇರವಾಗಿ ಮ್ಯಾಂಡಮಸ್ ಹೊರಡಿಸಿದ್ದರೆ ಅದು ಉಳಿಯುತ್ತಿತ್ತೇ ಎಂಬ ನನ್ನ ಅನುಮಾನ ಹಾಗೆಯೇ ಇದೆ. ಮರುವರ್ಷವೇ, 1804ರಲ್ಲಿ, ಅದೇ ಪೀಠದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಚೇಸ್ ಅವರ ಮೇಲೆ ಕಾಂಗ್ರೆಸ್ ಮಹಾಭಿಯೋಗ ಹೂಡಿತು. 1805ರಲ್ಲಿ ಸೆನೆಟ್ ಅವರನ್ನು ಖುಲಾಸೆ ಮಾಡದೆ ಇದ್ದಿದ್ದರೆ ಮುಂದಿನ ಸರದಿ ಯಾರದೆಂದು ಊಹಿಸುವುದು ಕಷ್ಟವಲ್ಲ.

ನಿಮ್ಮ ಹೊಸ ಪ್ರಶ್ನೆಗೆ ಬರುತ್ತೇನೆ. ನೇರವಾದ ದಾರಿ ತಿದ್ದುಪಡಿ. 5ನೇ ವಿಧಿಯ ಪ್ರಕಾರ ಕಾಂಗ್ರೆಸ್ಸಿನ ಎರಡೂ ಸದನಗಳ ಮೂರನೇ ಎರಡರಷ್ಟು ಬಹುಮತದಿಂದ ಅದನ್ನು ಪ್ರಸ್ತಾಪಿಸಬಹುದು, ನಾಲ್ಕನೇ ಮೂರರಷ್ಟು ರಾಜ್ಯಗಳು, ಅಂದರೆ ಇಂದಿನ 50ರಲ್ಲಿ 38 ರಾಜ್ಯಗಳು ಅನುಮೋದಿಸಬೇಕು. ಇದು ಎಷ್ಟು ಕಷ್ಟವೆಂಬುದಕ್ಕೆ 27 ಎಂಬ ಸಂಖ್ಯೆಯೇ ಸಾಕ್ಷಿ. ಅದರಲ್ಲಿಯೂ ಮೊದಲ 10 ಒಟ್ಟಾಗಿ 1791ರಲ್ಲಿ ಬಂದವು. ಹಾಗಿದ್ದೂ ಕೆಲವು ತೀರ್ಪುಗಳನ್ನು ಈ ದಾರಿಯಲ್ಲಿ ಮಗುಚಿಹಾಕಿದ್ದಾರೆ. ರಾಜ್ಯವೊಂದರ ಮೇಲೆ ಬೇರೆ ರಾಜ್ಯದವನು ಒಕ್ಕೂಟದ ನ್ಯಾಯಾಲಯದಲ್ಲಿ ದಾವೆ ಹೂಡಬಹುದೆಂದು 1793ರಲ್ಲಿ ಹೇಳಿದ್ದನ್ನು 11ನೇ ತಿದ್ದುಪಡಿ ಕಿತ್ತುಹಾಕಿತು. ಡ್ರೆಡ್ ಸ್ಕಾಟ್ ತೀರ್ಪಿನ ಪೌರತ್ವದ ಭಾಗಕ್ಕೆ 1868ರ 14ನೇ ತಿದ್ದುಪಡಿ ಉತ್ತರ ಕೊಟ್ಟಿತು, ಆ ಹೊತ್ತಿಗೆ ಅಂತರ್ಯುದ್ಧವೇ ನಡೆದುಹೋಗಿತ್ತು. ಆದಾಯ ತೆರಿಗೆಯನ್ನು 1895ರಲ್ಲಿ ತಡೆದದ್ದಕ್ಕೆ 1913ರಲ್ಲಿ 16ನೇ ತಿದ್ದುಪಡಿ ಬಂತು. ರಾಜ್ಯಗಳ ಚುನಾವಣೆಯಲ್ಲಿ ಮತದಾನದ ವಯಸ್ಸನ್ನು ಕಾಂಗ್ರೆಸ್ ಕಾಯ್ದೆಯಿಂದ 18ಕ್ಕೆ ಇಳಿಸಲಾಗದೆಂದು 1970ರಲ್ಲಿ ಹೇಳಿದ ಮರುವರ್ಷವೇ 26ನೇ ತಿದ್ದುಪಡಿ ಅಂಗೀಕಾರವಾಯಿತು.

ಪಕ್ಕದ ದಾರಿಗಳೂ ಇವೆ. ಸುಪ್ರೀಂ ಕೋರ್ಟಿನ ಮೇಲ್ಮನವಿ ವ್ಯಾಪ್ತಿಗೆ ಕಾಂಗ್ರೆಸ್ ವಿನಾಯಿತಿಗಳನ್ನು ಮಾಡಬಹುದೆಂದು 3ನೇ ವಿಧಿಯೇ ಹೇಳುತ್ತದೆ. ಮ್ಯಾಕಾರ್ಡಲ್ ಎಂಬ ಪತ್ರಿಕಾ ಸಂಪಾದಕನ ಬಂಧನದ ಪ್ರಕರಣದಲ್ಲಿ ವಾದ ಮುಗಿದ ಮೇಲೆ ಕಾಂಗ್ರೆಸ್ ಆ ಮೇಲ್ಮನವಿಯ ವ್ಯಾಪ್ತಿಯನ್ನೇ ಹಿಂದಕ್ಕೆ ಪಡೆಯಿತು. ನ್ಯಾಯಾಲಯ 1869ರಲ್ಲಿ ಅದನ್ನು ಒಪ್ಪಿ ಕೈಬಿಟ್ಟಿತು. ನ್ಯಾಯಮೂರ್ತಿಗಳ ಸಂಖ್ಯೆಯೂ ಸಂವಿಧಾನದಲ್ಲಿ ಇಲ್ಲ. 1789ರಲ್ಲಿ 6 ಇದ್ದದ್ದು ಏರಿಳಿದು 1869ರಿಂದ 9ಕ್ಕೆ ನಿಂತಿದೆ. ಅದನ್ನು 15ರವರೆಗೆ ಏರಿಸಲು ರೂಸ್‌ವೆಲ್ಟ್ 1937ರಲ್ಲಿ ಹೊರಟಾಗ ಅವರ ಸ್ವಂತ ಪಕ್ಷದ ಬಹುಮತವಿದ್ದ ಸೆನೆಟ್ಟೇ ಅದನ್ನು ಹೂತುಹಾಕಿತು.

ತಿದ್ದುಪಡಿಯನ್ನು ಅಳೆಯುವ ವಿಷಯದಲ್ಲಿ ನಾವು ಅವರಿಗಿಂತ ಬಹಳ ಮುಂದೆ ಹೋಗಿದ್ದೇವೆ. ಮದ್ಯಪಾನ ನಿಷೇಧದ 18ನೇ ತಿದ್ದುಪಡಿಯ ಮೇಲಿನ ಆಕ್ಷೇಪಗಳನ್ನು 1920ರಲ್ಲಿಯೂ ಮಹಿಳೆಯರ ಮತದಾನದ 19ನೇ ತಿದ್ದುಪಡಿಯ ಮೇಲಿನವನ್ನು 1922ರಲ್ಲಿಯೂ ಅಮೆರಿಕದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅಲ್ಲಿ ತಿದ್ದುಪಡಿಯ ವಸ್ತುವಿಗೆ ಇಂದು ಉಳಿದಿರುವ ಬರಹದ ಮಿತಿ ಒಂದೇ: ಯಾವ ರಾಜ್ಯಕ್ಕೂ ಅದರ ಒಪ್ಪಿಗೆಯಿಲ್ಲದೆ ಸೆನೆಟ್ಟಿನಲ್ಲಿ ಸಮಾನ ಮತವನ್ನು ತಪ್ಪಿಸುವಂತಿಲ್ಲ. ಸಂವಿಧಾನದ ಮೂಲರಚನೆಯನ್ನು ತಿದ್ದುಪಡಿಯಿಂದಲೂ ಕೆಡಿಸಲಾಗದು ಎಂಬ ನಮ್ಮ ಮೂಲರಚನೆಯ ಸಿದ್ಧಾಂತಕ್ಕೆ ಆದ್ದರಿಂದ ಅಮೆರಿಕದಲ್ಲಿ ಮಾದರಿ ಹುಡುಕಬೇಡಿ. ಹತ್ತಿರದ ನಂಟು ಸಿಗುವುದು ಕೆಲವು ತತ್ತ್ವಗಳನ್ನು ತಿದ್ದುಪಡಿಯಿಂದಲೂ ಮುಟ್ಟಕೂಡದೆನ್ನುವ ಜರ್ಮನಿಯ ಮೂಲ ಕಾನೂನಿನ 79(3)ನೇ ವಿಧಿಯಲ್ಲಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರಿನ, ಈ ಸಿದ್ಧಾಂತವನ್ನು ಸ್ಥಾಪಿಸಿದ 1973ರ ತೀರ್ಪು ನಿಮಗೆ ಗೊತ್ತೇ ಇದೆ. 13 ನ್ಯಾಯಮೂರ್ತಿಗಳ ಪೀಠದಲ್ಲಿ 7 ಮಂದಿ ಒಂದು ಕಡೆ, 6 ಮಂದಿ ಇನ್ನೊಂದು ಕಡೆ. ಅದರ ಜೊತೆಗೆ 1980ರ ಮಿನರ್ವ ಮಿಲ್ಸ್ ತೀರ್ಪನ್ನೂ ಓದಿ. ಅದು ನಮ್ಮ ಬೆಂಗಳೂರಿನದೇ ಬಟ್ಟೆ ಗಿರಣಿ, ರಾಷ್ಟ್ರೀಕರಣವಾದಾಗ ಅದರ ಕಡೆಯವರು ನ್ಯಾಯಾಲಯಕ್ಕೆ ಹೋದರು. ತಿದ್ದುಪಡಿಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ ಎಂದು 42ನೇ ತಿದ್ದುಪಡಿ 368ನೇ ವಿಧಿಗೆ ಸೇರಿಸಿದ್ದ 4 ಮತ್ತು 5ನೇ ಉಪವಿಧಿಗಳನ್ನು ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ ಅಸಿಂಧುಗೊಳಿಸಿತು. ಸಂವಿಧಾನ ಕೊಟ್ಟ ಸೀಮಿತ ಅಧಿಕಾರವನ್ನು ಬಳಸಿ ಅದನ್ನೇ ಅಸೀಮಿತಗೊಳಿಸಿಕೊಳ್ಳಲಾಗದು ಎಂಬ ಅಲ್ಲಿನ ವಾದವನ್ನು ಮಾರ್ಬರಿ ತೀರ್ಪಿನ ಕೊನೆಯ ಭಾಗದ ಪಕ್ಕದಲ್ಲಿಟ್ಟು ಓದಿದರೆ ನಿಮ್ಮ ಪ್ರಬಂಧಕ್ಕೆ ಬೇಕಾದ ಹೋಲಿಕೆ ಸಿಗುತ್ತದೆ.